ಸ್ಕಾಲರ್‌ಶಿಪ್ ಹಣ ಪಾಸ್‌ಬುಕ್ ನೋಡಿ ಬರುವುದಿಲ್ಲ

ಪ್ರಶ್ನೆ: ಬಿ.ಎ. ಓದುವಾಗ ಸ್ಕಾಲರ್‌ಶಿಪ್ ಪಡೆದಿದ್ದೆ. ಈಗ ಮಂಗಳೂರಿನಲ್ಲಿ ಬಿ.ಇಡಿ.ಗೆ ಸೇರಿದ್ದೇನೆ. ಮತ್ತೆ ಸಿಗುತ್ತದೆಯೇ? ಯಾವ ಖಾತೆಯ ಪಾಸ್‌ಬುಕ್ ಕೊಡಬೇಕು?

ಸಿಗುತ್ತದೆ. ಒಂದು ಪದವಿ ಮುಗಿಸಿ ಅದೇ ಮಟ್ಟದ ಇನ್ನೊಂದಕ್ಕೆ ಸೇರಿದರೆ ಇಲ್ಲ, ಆದರೆ ಬಿ.ಇಡಿ. ಪದವಿಯ ಮೇಲಿನ ವೃತ್ತಿಶಿಕ್ಷಣ. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಹಿಡಿದು ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ವಿದ್ಯಾಸಿರಿಯನ್ನೂ ಕೇಳಿ. ಆ ಯೋಜನೆ ಶುರುವಾದಾಗಲೇ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಿದ್ದರು.

ನನ್ನ ತಾಳ್ಮೆ ಕೆಡುವುದು ಪ್ರಶ್ನೆಯ ಉತ್ತರಾರ್ಧದಲ್ಲಿ. ಕಾಲೇಜಿನ ಕಡತಕ್ಕೆ ಪಾಸ್‌ಬುಕ್ ಜೆರಾಕ್ಸ್ ಕೇಳಿದರೆ ಕೊಡಿ, ಆದರೆ ಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹಣ ಆಧಾರ್ ಸಂಖ್ಯೆಯ ಬೆನ್ನು ಹಿಡಿದು ಹೋಗುತ್ತದೆ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು; ಕೊನೆಯದಾಗಿ ಯಾವುದನ್ನು ಜೋಡಿಸಿದ್ದೀರೋ ಅದು.

ಕಾರ್ಕಳದ ಕಡೆಯ ಹುಡುಗಿಯೊಬ್ಬಳು ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. (ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು, ಉಡುಪಿಯವರ ಬಾಯಲ್ಲಿ ಇನ್ನೂ ಆಗಿಲ್ಲ.) ಎಂಟ್ರಿ ಹಾಕಿಸಿ ಹಾಕಿಸಿ ಪುಟ ಮುಗಿಯುತ್ತ ಬಂದಿತ್ತು, ಸ್ಕಾಲರ್‌ಶಿಪ್ಪಿನ ಸಾಲು ಮಾತ್ರ ಇಲ್ಲ. ಹುಡುಕಿದರೆ ಹಣ ಬಂದು ಐದು ತಿಂಗಳಾಗಿತ್ತು. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ತೆರೆದಿದ್ದ ಮೊಬೈಲ್ ಕಂಪನಿಯ ಬ್ಯಾಂಕ್ ಖಾತೆಯಲ್ಲಿ ತಣ್ಣಗೆ ಮಲಗಿತ್ತು.

‘ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇನಲ್ಲ ಸರ್’ ಎನ್ನುತ್ತೀರಿ. ಅದು ಕೆವೈಸಿ, ನೀವು ಯಾರೆಂದು ತೋರಿಸುವ ದಾಖಲೆ ಅಷ್ಟೇ. ಹಣ ಬರಲು ಖಾತೆಯನ್ನು ಆಧಾರ್‌ಗೆ ಜೋಡಿಸುವ ಸೀಡಿಂಗ್ ಬೇರೆ, ಅದಕ್ಕೆ ಬ್ಯಾಂಕಿಗೆ ಬೇರೆಯೇ ಒಪ್ಪಿಗೆ ಕೊಡಬೇಕು. ಆಧಾರ್ ಜಾಲತಾಣಕ್ಕೆ ಒಟಿಪಿ ಹಾಕಿ ಒಳಹೊಕ್ಕು ‘ಬ್ಯಾಂಕ್ ಸೀಡಿಂಗ್’ ಒತ್ತಿದರೆ ಹಣ ಹೋಗುವ ಬ್ಯಾಂಕಿನ ಹೆಸರು ಕಾಣುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು, ಎಲ್ಲರ ಕೈಯಲ್ಲೂ ಮೊಬೈಲ್ ತೆಗೆಸಿ ನೋಡಿಸಿದ ತಂಡದಿಂದ ಒಬ್ಬರೂ ಪಾಸ್‌ಬುಕ್ ಹಿಡಿದು ನನ್ನ ಬಳಿ ಬರಲಿಲ್ಲ. ಮುಂದಿನ ತಂಡಕ್ಕೆ ಹೇಳಲು ಮರೆತೆ, ಸಾಲುಗಟ್ಟಿ ಬಂದರು.

ಅದಿರಲಿ, ಬಿ.ಇಡಿ.ಯಲ್ಲಿ ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ಪಿನ ಖರ್ಚಿನ ಬಗ್ಗೆ ಯಾರೂ ಏಕೆ ಕೇಳುವುದಿಲ್ಲ? ಎರಡು ವರ್ಷದಲ್ಲಿ 20 ವಾರ ಶಾಲೆಯಲ್ಲಿರಬೇಕು. ವೈದ್ಯ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಇದೆ, ನಿಮ್ಮದಕ್ಕಿಲ್ಲ. ಸಂಜೆ ಟ್ಯೂಷನ್ ಹೇಳುತ್ತಿದ್ದವರು ಪಾಠಯೋಜನೆ ಬರೆಯಲು ಅದನ್ನೂ ಬಿಡುತ್ತಾರೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಲ್ಲವೇ ಎಂದು ಬೆಂಗಳೂರಿನವರು ಕೇಳಬಹುದು. ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ. ನಮ್ಮ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ. ದಿನಕ್ಕೆರಡು ಟಿಕೆಟ್, ಚಾರ್ಟ್, ಸ್ಕೆಚ್ ಪೆನ್ನು. ಸ್ಕಾಲರ್‌ಶಿಪ್ ಬಂದ ದಿನವೇ ಇದಕ್ಕೆಂದು ಒಂದಿಷ್ಟು ತೆಗೆದಿಡಿ. ಮನೆಗೆ ಯಾವ ಶಾಲೆ ಹತ್ತಿರ ಎಂಬುದನ್ನು ಕಾಲೇಜಿಗೆ ಮೊದಲೇ ತಿಳಿಸಿ. ಯಾರಿಗೆ ಯಾವ ಶಾಲೆ ಎಂಬ ಪಟ್ಟಿ ಅಂಟಿಸಿದ ಮೇಲೆ ಬದಲಿಸಿದ್ದನ್ನು ನಾನಂತೂ ಕಂಡಿಲ್ಲ.