ಸಸ್ಯಹೇನಿಗೆ ಹೊಗೆಸೊಪ್ಪಿನ ಕಷಾಯ: ತಿನ್ನುವ ಗಿಡಗಳಿಗೆ ಸಲ್ಲುವುದೇ?

ಅವರೆಯ ಕುಡಿ, ಅಲಸಂದೆಯ ಹೂಗೊಂಚಲು, ಮೆಣಸಿನ ಎಲೆಯ ಅಡಿಭಾಗಗಳಲ್ಲಿ ಮುತ್ತಿ ರಸ ಹೀರುವ ಸಸ್ಯಹೇನುಗಳಿಗೆ ಹೊಗೆಸೊಪ್ಪಿನ ಕಷಾಯ ಸಿಂಪಡಿಸುವುದು ಹಳೆಯ ರೂಢಿ. ಕೀಟಶಾಸ್ತ್ರದ ಪಠ್ಯಗಳು ಹೇಳುವ ಪ್ರಕಾರ, 500 ಗ್ರಾಂ ಹೊಗೆಸೊಪ್ಪನ್ನು 4.5 ಲೀಟರ್ ನೀರಿನಲ್ಲಿ ಒಂದು ದಿನ ನೆನೆಸಿ ಅಥವಾ ಅರ್ಧ ಗಂಟೆ ಕುದಿಸಿ, ಸೋಸಿ, 120 ಗ್ರಾಂ ಬಾರ್ ಸೋಪು ಕರಗಿಸಿ, ಆರೇಳು ಪಟ್ಟು ನೀರು ಬೆರೆಸಬೇಕು. ಇದರಿಂದ ಹೇನು ಸಾಯುತ್ತದೆ, ಅದರಲ್ಲಿ ಸಂಶಯವಿಲ್ಲ.

ಕೊಲ್ಲುವುದು ನಿಕೋಟಿನ್. ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೂರಬೇಕಾದ ಜಾಗದಲ್ಲಿ, ಅಂದರೆ ಗ್ರಾಹಕದಲ್ಲಿ, ತಾನೇ ಕೂತು ನರವನ್ನು ಸತತವಾಗಿ ಕೆರಳಿಸುವುದರಿಂದ ಕೀಟವು ನಡುಗಿ, ನಿಶ್ಚೇಷ್ಟಿತವಾಗಿ ಸಾಯುತ್ತದೆ. ಆದರೆ ಅದೇ ಬಗೆಯ ಗ್ರಾಹಕಗಳು ನಮ್ಮ ನರಗಳಲ್ಲಿಯೂ ಇವೆ. ಒಂದು ಸಣ್ಣ ಲೆಕ್ಕ ನೋಡಿ: ಒಣಎಲೆಯಲ್ಲಿ ಶೇ. 2ರಷ್ಟು ನಿಕೋಟಿನ್ ಇದ್ದರೆ 500 ಗ್ರಾಂ ಸೊಪ್ಪಿನಲ್ಲಿ 10 ಗ್ರಾಂ ಇರುತ್ತದೆ. ಒಂದು ಗ್ರಾಮಿಗಿಂತ ಕಡಿಮೆ ನಿಕೋಟಿನ್ ಹೊಟ್ಟೆಗೆ ಹೋದರೂ ವಯಸ್ಕರ ಪ್ರಾಣಕ್ಕೆ ಅಪಾಯವಾಗಬಹುದು. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾ ತಳಿಯಲ್ಲಿರುವ ಪ್ರಮಾಣವೇ ಬೇರೆ, ಜಗಿಯುವ ಕಟುವಾದ ಸೊಪ್ಪಿನಲ್ಲಿರುವುದೇ ಬೇರೆ. ಹಾಗಾಗಿ ಮನೆಯ ಕಷಾಯದ ಕಟುತ್ವವನ್ನು ಅಳೆಯುವ ದಾರಿ ನಮಗಿಲ್ಲ. ಸೋಪು ಬರೀ ಅಂಟಿಗಾಗಿ ಎಂದುಕೊಂಡವರು ಗಮನಿಸಬೇಕಾದ ಸಂಗತಿಯೆಂದರೆ, ಅದರ ಕ್ಷಾರವು ಲವಣರೂಪದಲ್ಲಿರುವ ನಿಕೋಟಿನ್ನನ್ನು ಬಿಡಿಸುತ್ತದೆ. ಬಿಡಿಯಾದ ನಿಕೋಟಿನ್ ಹೇನಿನ ಚರ್ಮವನ್ನು ಹೊಕ್ಕಂತೆ ಸಿಂಪಡಿಸುವವರ ಕೈಚರ್ಮವನ್ನೂ ಸುಲಭವಾಗಿ ಹೊಗುತ್ತದೆ. ಒದ್ದೆ ಹೊಗೆಸೊಪ್ಪು ಕೊಯ್ಯುವವರಿಗೆ ವಾಕರಿಕೆ, ತಲೆಸುತ್ತು ಬರುವುದೂ ಹೀಗೆಯೇ.

ಎಲೆಯ ಮೇಲೆ ಬಿದ್ದ ನಿಕೋಟಿನ್ನಿನ ಒಂದಂಶ ಎಲೆಯೊಳಗೂ ಇಳಿಯುವುದರಿಂದ, ಕೊತ್ತಂಬರಿ, ಪಾಲಕ್‌ಗಳನ್ನು ಎಷ್ಟು ತೊಳೆದರೂ ಪೂರ್ತಿ ಹೋಗದು. ನಿಕೋಟಿನ್ ಸಲ್ಫೇಟ್ ಎಂಬ ಕೀಟನಾಶಕದ ಬಳಕೆಯನ್ನು ಭಾರತದಲ್ಲಿ ನಿಷೇಧಿಸಲಾಗಿದ್ದು, ರಫ್ತಿಗಾಗಿ ಮಾತ್ರ ತಯಾರಿಸಲು ಅನುಮತಿ ಉಳಿದಿದೆ. ಅಂಗಡಿಯಲ್ಲಿ ನಿಷಿದ್ಧವಾದದ್ದು ನಮ್ಮ ಒಲೆಯ ಮೇಲೆ ಕುದ್ದ ಮಾತ್ರಕ್ಕೆ ಸೌಮ್ಯವಾಗುವುದಿಲ್ಲ. ಟೊಮ್ಯಾಟೊ, ಮೆಣಸಿನಕಾಯಿಗಳಿಗೆ ಹೊಗೆಸೊಪ್ಪಿನ ಮೊಸಾಯಿಕ್ ನಂಜುರೋಗ ತಗಲುವ ಭಯ ಬೇರೆ.

ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳದ ನೈಸರ್ಗಿಕ ಕೃಷಿ ಪದ್ಧತಿಯಲ್ಲಿಯೂ ಹೊಗೆಸೊಪ್ಪು ಸೇರುವ ಅಗ್ನಿಅಸ್ತ್ರವನ್ನು ಕಾಂಡ, ಕಾಯಿ ಕೊರೆಯುವ ಹುಳುಗಳಿಗೆ ಹೇಳಿದ್ದು, ರಸ ಹೀರುವ ಕೀಟಗಳಿಗೆ ಬೇವಿನ ನೀಮಾಸ್ತ್ರವನ್ನು ಸೂಚಿಸಲಾಗಿದೆ. ಕೈತೋಟಕ್ಕಾದರೆ ಮೊದಲು ನೀರಿನ ರಭಸದಿಂದ ಹೇನನ್ನು ಉದುರಿಸಿ, ಬಳಿಕ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ತುಸು ಸೋಪಿನೊಡನೆ ಕಲಸಿ, ಸಂಜೆ ಎಲೆಯಡಿಗೆ ಸಿಂಪಡಿಸಬಹುದು. ಹೆಣ್ಣು ಹೇನು ಗಂಡಿಲ್ಲದೆಯೇ ಮರಿ ಹಾಕುವುದರಿಂದ, ಮರಿ ಸುಮಾರು ಒಂದು ವಾರದಲ್ಲೇ ಬಲಿಯುವುದರಿಂದ, ವಾರಕ್ಕೊಮ್ಮೆ ಎಲೆ ಮಗುಚಿ ನೋಡಬೇಕು. ಹೇನನ್ನು ತಿನ್ನುವ ಗುಲಗಂಜಿ ಹುಳು ಕಂಡರೆ ಆ ವಾರದ ಸಿಂಪರಣೆ ಬಿಡಬೇಕು.