ಹಿಗ್ಗದ ಉಕ್ಕು, ಉದ್ದವಾಗುವ ಚೈನು

‘ಚೈನು ಹಿಗ್ಗಿದೆ, ಇನ್ನು ಎಳೆಯಲು ಜಾಗವಿಲ್ಲ’ ಎಂದು ಮೆಕ್ಯಾನಿಕ್ ತೀರ್ಪು ಕೊಟ್ಟಾಗ ನನ್ನ ಬೈಕು 21 ಸಾವಿರ ಕಿಲೋಮೀಟರು ಓಡಿತ್ತು. ಹೊಸ ಚೈನ್ ಸೆಟ್ ಹಾಕಿಸಿಕೊಂಡೆ. ಹಳೆಯದನ್ನು ಗುಜರಿಗೆ ಬಿಡದೆ ದಿನಪತ್ರಿಕೆಯಲ್ಲಿ ಸುತ್ತಿ ಮನೆಗೆ ತಂದೆ. ಉಕ್ಕೇನು ರಬ್ಬರೇ, ಹಿಗ್ಗಲು? ಹಿಗ್ಗಿದ್ದರೆ ಎಲ್ಲಿ ಹಿಗ್ಗಿದೆ ಎಂದು ನೋಡಬೇಕಿತ್ತು.

ಜಗಲಿಯ ಮೇಲೆ ಕುಳಿತು ಸೀಮೆಎಣ್ಣೆಯಲ್ಲಿ ತೊಳೆದು, ಉದ್ದಕ್ಕೆ ಎಳೆದು ಅಳೆದೆ. 112 ಕೊಂಡಿಗಳ ಚೈನು. ಹೊಸದಿದ್ದಾಗ ಇದರ ಉದ್ದ 1422 ಮಿಲಿಮೀಟರು ಇರಬೇಕು. ಈಗ 24 ಮಿಲಿಮೀಟರು ಜಾಸ್ತಿ ಇತ್ತು, ಎಂದರೆ ಒಂದೂಕಾಲು ಬೆರಳಿನಷ್ಟು. ಮೆಕ್ಯಾನಿಕ್ ಹೇಳಿದ್ದು ನಿಜ. ಆದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಕೊಂಡಿಗಳ ಒಳಪಟ್ಟಿಗಳನ್ನು ಒಂದೊಂದಾಗಿ ಅಳೆದರೆ ಎರಡು ರಂಧ್ರಗಳ ನಡುವೆ ಅದೇ 12.7 ಮಿಲಿಮೀಟರು, ಕಾರ್ಖಾನೆ ಕೊಟ್ಟ ಅರ್ಧ ಅಂಗುಲ. ಹೊರಪಟ್ಟಿಯಲ್ಲೂ ಅಷ್ಟೇ. ಯಾವ ಪಟ್ಟಿಯೂ ಹಿಗ್ಗದೆ ಚೈನು ಉದ್ದವಾಗಿತ್ತು.

ಕೊಂಡಿಗೆ ಕೊಂಡಿ ಜೋಡಿಸುವ ಒಂದು ಪಿನ್ನಿನ ತಲೆಯನ್ನು ಅರದಿಂದ ಉಜ್ಜಿ, ಮೊಳೆಯಿಟ್ಟು ಹೊಡೆದು ಹೊರಗೆ ತೆಗೆದಾಗ ಗುಟ್ಟು ತಿಳಿಯಿತು. ಪಿನ್ನಿನ ಒಂದು ಮಗ್ಗುಲು ಮಂಕಾಗಿ ಕಪ್ಪಗಿತ್ತು, ಹೊಸದರಂತೆ ದುಂಡಗಿತ್ತು. ಇನ್ನೊಂದು ಮಗ್ಗುಲು ಬೆಳ್ಳಿಯಂತೆ ಹೊಳೆಯುತ್ತಿತ್ತು. ಮೇಲೆ ಉಗುರು ಎಳೆದರೆ ಒಂದು ಕಡೆ ಎಡವಿತು. ಅಲ್ಲಿ ಲೋಹ ಸವೆದು ಸಣ್ಣ ಮೆಟ್ಟಿಲು ಬಿದ್ದಿತ್ತು. ಚೈನಿಗೆ ಎಳೆತವೊಂದೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಹಾಗಾಗಿ ಪಿನ್ನು ಆಯುಷ್ಯವಿಡೀ ಒಂದೇ ಮಗ್ಗುಲಲ್ಲಿ ಸವೆಯುತ್ತದೆ. ಪಿನ್ನೂ ಅದು ಕೂರುವ ಬುಷ್ ಎಂಬ ಕೊಳವೆಯೂ ಸೇರಿ ಪ್ರತಿ ಕೀಲಿನಲ್ಲಿ 0.2 ಮಿಲಿಮೀಟರು ಸವೆದರೆ ಸಾಕು. 112 ಕೀಲುಗಳ ಲೆಕ್ಕ ಕೂಡಿಸಿದರೆ ನನ್ನ 24 ಮಿಲಿಮೀಟರಿನ ಹತ್ತಿರಕ್ಕೆ ಬರುತ್ತದೆ.

ಈ ಬುಷ್ ಬಂದದ್ದು 1880ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ ಅದನ್ನು ಸೇರಿಸಿದ. ಅದಕ್ಕೆ ಮೊದಲು ಪಿನ್ನು ತೆಳ್ಳನೆಯ ಪಟ್ಟಿಯ ಅಂಚಿನ ಮೇಲೆಯೇ ಉಜ್ಜುತ್ತಿತ್ತು, ಬೇಗ ಕೊರೆಯುತ್ತಿತ್ತು. ಬುಷ್ ಬಂದ ಮೇಲೆ ಭಾರ ಚೈನಿನ ಅಗಲಕ್ಕೆಲ್ಲ ಹಂಚಿಹೋಯಿತು. ಇಂದು ನಮ್ಮ ಬೈಕುಗಳಲ್ಲಿ ಇರುವುದು ಮೂಲತಃ ಅದೇ ಚೈನು.

ಚೈನನ್ನು 112 ಬಾಗಿಲುಗಳ ಸಾಲು ಎಂದುಕೊಳ್ಳಿ. ಪ್ರತಿ ಪಿನ್ನೂ ಒಂದು ತಿರುಗಣೆ. ಹಿಂದಿನ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 530 ಸುತ್ತು ಸುತ್ತುತ್ತದೆ. ಹಿಂದಿನ ಸ್ಪ್ರಾಕೆಟ್ಟಿಗೆ, ಎಂದರೆ ಚೈನು ಕೂರುವ ಹಲ್ಲುಗಾಲಿಗೆ, 42 ಹಲ್ಲುಗಳಿದ್ದರೆ ಅಷ್ಟರಲ್ಲಿ ಚೈನು ಹತ್ತಿರ ಹತ್ತಿರ 200 ಸುತ್ತು ಬಂದಿರುತ್ತದೆ. ಎರಡು ಸ್ಪ್ರಾಕೆಟ್ಟುಗಳನ್ನೂ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಪ್ರತಿ ಕೀಲೂ ಬಾಗುತ್ತದೆ. ಎಂದರೆ ಕಿಲೋಮೀಟರಿಗೆ 800 ಸಲ. ನನ್ನ 21 ಸಾವಿರ ಕಿಲೋಮೀಟರಿನಲ್ಲಿ ಒಂದೊಂದು ಬಾಗಿಲೂ ಒಂದೂವರೆ ಕೋಟಿಗೂ ಹೆಚ್ಚು ಸಲ ಆಡಿದೆ. ಅದೂ ಖಾಲಿ ಬಾಗಿಲಲ್ಲ. 100 ಸಿಸಿಯ ಸಾಧಾರಣ ಬೈಕನ್ನು ಮೊದಲ ಗೇರಿನಲ್ಲಿ ಪೂರ್ತಿ ಬಲದಿಂದ ಎಳೆಸಿದರೆ ಚೈನಿನ ಮೇಲೆ ಬೀಳುವ ಎಳೆತ ಸುಮಾರು 250ರಿಂದ 300 ಕಿಲೋ ತೂಕಕ್ಕೆ ಸಮ.

ಇನ್ನೊಂದು ತೊಡಕಿದೆ. ಪೂರ್ತಿ ಸುತ್ತುವ ಶಾಫ್ಟು ತನ್ನ ವೇಗದಿಂದಲೇ ಎಣ್ಣೆಯನ್ನು ಒಳಗೆಳೆದುಕೊಂಡು ಅದರ ಮೇಲೆ ತೇಲುತ್ತದೆ. ಚೈನಿನ ಪಿನ್ನಿಗೆ ಆ ಭಾಗ್ಯವಿಲ್ಲ. 14 ಹಲ್ಲಿನ ಮುಂದಿನ ಸ್ಪ್ರಾಕೆಟ್ಟಿನಲ್ಲಿ ಅದು ಸುಮಾರು 26 ಡಿಗ್ರಿ ತಿರುಗಿ ಅಲ್ಲಿಗೇ ನಿಂತು ವಾಪಸು ಬರುತ್ತದೆ. ಎಣ್ಣೆಯ ಪದರ ಕಟ್ಟುವಷ್ಟರಲ್ಲಿ ಆಟ ಮುಗಿದಿರುತ್ತದೆ. ಲೋಹಕ್ಕೆ ಲೋಹ ಸವರುವ ಈ ಜಾಗಕ್ಕೆ ಒಂದು ಚಿಟಿಕೆ ಕೆಂಪು ಧೂಳು ಸಿಕ್ಕರೆ ಮುಗಿಯಿತು. ನಮ್ಮ ಮಣ್ಣಿಗೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡನ್ನೇ ಅಕ್ಕಸಾಲಿಗರು ಹೊಳಪು ಕೊಡಲು ಬಳಸುತ್ತಾರೆ. ಅದು ಸೌಮ್ಯ. ನಿಜವಾದ ಖಳ ಅದರ ಜೊತೆಗಿರುವ ಬೆಣಚುಕಲ್ಲಿನ ಹುಡಿ. ಅದು ಹದಗೊಳಿಸಿದ ಉಕ್ಕಿಗಿಂತಲೂ ಗಟ್ಟಿ. ಎಣ್ಣೆಯಲ್ಲಿ ಕಲಸಿದ ಬೆಣಚು ಎಂದರೆ ಕಾರ್ಖಾನೆಗಳಲ್ಲಿ ಲೋಹ ಉಜ್ಜಲು ಬಳಸುವ ಪೇಸ್ಟಿನ ಬಡ ಸೋದರ. ನಾವು ಅದನ್ನು ಪುಕ್ಕಟೆಯಾಗಿ ತಯಾರಿಸಿ ಚೈನಿಗೆ ಬಳಿಯುತ್ತೇವೆ.

ಇಲ್ಲಿ ನನ್ನ ದೂರೊಂದಿದೆ. ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಬ್ರಷ್ಷಿನಲ್ಲಿ ಚೈನಿಗೆ ಧಾರಾಳವಾಗಿ ಬಳಿದು ‘ಆಯಿಲ್ ಹಾಕಿದೆ’ ಎನ್ನುವ ರೂಢಿ ನಮ್ಮಲ್ಲಿ ಬೇರೂರಿದೆ. ಆ ಎಣ್ಣೆಯಲ್ಲಿ ಮಸಿಯೂ ಲೋಹದ ಕಣಗಳೂ ಇರುತ್ತವೆ. ಒಳ್ಳೆಯ ಎಣ್ಣೆಯಾದರೂ ಹೊರಮೈಗೆ ಬಳಿದದ್ದು ತುಕ್ಕು ತಡೆಯುತ್ತದೆ, ಅಷ್ಟೇ. ಕಣ್ಣಿಗೆ ಕಾಣುವ ಎಣ್ಣೆ ಹೆಚ್ಚಿನ ಪಾಲು ದುಡಿಯುವ ಎಣ್ಣೆಯಲ್ಲ. ದಪ್ಪ ಗ್ರೀಸು ಮೆತ್ತಿದರಂತೂ ಒಳಗೆ ಹೋಗುವುದೇ ಇಲ್ಲ, ಧೂಳಿಗೆ ಹಾಸಿಗೆಯಾಗುತ್ತದೆ. ಎಣ್ಣೆ ಬೇಕಾದದ್ದು ಪಿನ್ನು ಮತ್ತು ಬುಷ್ಷಿನ ನಡುವೆ. ಅಲ್ಲಿಗಿರುವ ದಾರಿ ಒಂದೇ, ಒಳಪಟ್ಟಿ ಮತ್ತು ಹೊರಪಟ್ಟಿಯ ನಡುವಿನ ಕೂದಲೆಳೆಯಷ್ಟು ಸಂದು. ದೀಪದ ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವ ಹಾಗೆ ಆ ಸಂದು ತಾನೇ ಎಣ್ಣೆ ಹೀರುತ್ತದೆ. ಅದಕ್ಕೆ ಹೊತ್ತು ಬೇಕು. ಆದ್ದರಿಂದ ಹೊರಡುವ ಮುಂಚೆ ಹಾಕಬೇಡಿ, ಮನೆಗೆ ಬಂದು ಚೈನು ಬೆಚ್ಚಗಿರುವಾಗ ಹಾಕಿ. ಚೈನಿನ ಕೆಳಸಾಲಿನ ಒಳಮೈಗೆ, ಎರಡೂ ಬದಿಯ ಸಂದುಗಳಿಗೆ ಗೇರ್ ಆಯಿಲ್ ಹನಿಸಿದರೆ ತಿರುಗುವಾಗಿನ ಎಸೆತವೇ ಅದನ್ನು ಒಳಗೆ ನೂಕುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಬಟ್ಟೆಯಿಂದ ಹೊರಮೈ ಒರೆಸಿಬಿಡಿ. ಒಣಗಿದಂತೆ ಕಾಣಬೇಕು. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ತಿರುಗುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ.

ದೊಡ್ಡ ಬೈಕುಗಳ ಚೈನಿನಲ್ಲಿ ಈ ಸಂದಿಗೆ ರಬ್ಬರ್ ಉಂಗುರ ಕೂರಿಸಿ, ಒಳಗಿನ ಗ್ರೀಸನ್ನು ಕಾರ್ಖಾನೆಯಲ್ಲೇ ಮುಚ್ಚಿಟ್ಟಿರುತ್ತಾರೆ. ಅಂಥ ಚೈನಿಗೆ ಪೆಟ್ರೋಲ್ ಮತ್ತು ತಂತಿ ಬ್ರಷ್ ಎರಡೂ ವೈರಿಗಳು. ಉಂಗುರ ಹರಿದರೆ ಗ್ರೀಸು ಹೊರಗೆ, ಧೂಳು ಒಳಗೆ. ಇದಕ್ಕಿಂತ ಸರಳವಾದ ಉಪಾಯ ನಮ್ಮ ಮೈಸೂರಿಗೆ ಮೊದಲೇ ಗೊತ್ತಿತ್ತು. ಅರುವತ್ತರ ದಶಕದಲ್ಲಿ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾಗಳ ಚೈನು ಪೂರ್ತಿ ಮುಚ್ಚಿದ ಕವಚದೊಳಗೆ ತಿರುಗುತ್ತಿತ್ತು. ಈಗ ಚೈನು ಬೆತ್ತಲೆಯಾಗಿದ್ದರೆ ಬೈಕಿಗೆ ಗತ್ತು ಎಂಬ ನಂಬಿಕೆ. ಕವರ್ ಬಿಚ್ಚಿಸಿ ಎಸೆದವರನ್ನು ಕಂಡಿದ್ದೇನೆ. ದುಡ್ಡು ಕೊಟ್ಟು ಕೊಳ್ಳುವ ಹತ್ತು ಅಲಂಕಾರಗಳಿಗಿಂತ ಆ ತಗಡು ಮೇಲು.

ಬಿಗಿ ಮಾಡುವಾಗಲೂ ನಾವು ಅತ್ಯುತ್ಸಾಹಿಗಳು. ಸವಾರ ಕುಳಿತಾಗ ಹಿಂದಿನ ಚಕ್ರ ಮೇಲೆ ಸರಿಯುತ್ತದೆ. ಮುಂದಿನ ಸ್ಪ್ರಾಕೆಟ್, ಹಿಂದಿನ ಚಕ್ರವನ್ನು ಹಿಡಿದ ತೋಳಿನ ತಿರುಗಣೆ, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್ಟುಗಳ ಅಂತರ ಅತಿ ಹೆಚ್ಚು, ಚೈನು ಅತಿ ಬಿಗಿ. ಖಾಲಿ ಬೈಕಿನಲ್ಲಿ ತಂತಿಯಂತೆ ಬಿಗಿದ ಚೈನು ಇಬ್ಬರು ಕುಳಿತು ಗುಂಡಿಗೆ ಇಳಿದಾಗ ಗೇರ್‌ಬಾಕ್ಸಿನ ಬೇರಿಂಗನ್ನೇ ಕೀಳಲು ಹೊರಡುತ್ತದೆ. ಕೈಪಿಡಿಯಲ್ಲಿ 20ರಿಂದ 30 ಮಿಲಿಮೀಟರು ಸಡಿಲ ಬಿಡಿ ಎಂದಿದ್ದರೆ ಕಾರಣ ಇದು. ಎಲ್ಲ ಕೀಲುಗಳೂ ಸಮನಾಗಿ ಸವೆಯುವುದಿಲ್ಲವಾದ್ದರಿಂದ ಚಕ್ರ ತಿರುಗಿಸಿ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಅಳೆಯಬೇಕು.

ಆಯುಷ್ಯ ಎಷ್ಟು ಉಳಿದಿದೆ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಚೈನಿನ ಒಂದು ಸಾಲನ್ನು ಬಿಗಿಯಾಗಿ ಎಳೆದು, 21 ಪಿನ್ನು ಎಣಿಸಿ, ಮೊದಲನೆಯದರ ನಡುವಿನಿಂದ ಕೊನೆಯದರ ನಡುವಿಗೆ ಅಳತೆ ಪಟ್ಟಿ ಇಡಿ. ಅರ್ಧ ಅಂಗುಲದ ಚೈನಾದರೆ ಹೊಸದರಲ್ಲಿ 254 ಮಿಲಿಮೀಟರು. 259 ದಾಟಿದರೆ ಬದಲಿಸಿ, ಸ್ಪ್ರಾಕೆಟ್ಟುಗಳ ಜೊತೆಗೇ. ಸವೆದ ಚೈನಿನ ಜೊತೆ ಬಾಳಿದ ಹಲ್ಲುಗಳು ಕೊಕ್ಕೆಯಂತೆ ಬಾಗಿರುತ್ತವೆ, ಹೊಸ ಚೈನನ್ನೂ ಬೇಗ ಹಾಳುಮಾಡುತ್ತವೆ. ಚೈನಿನ ಎರಡು ತುದಿ ಕೂಡಿಸುವ ಕಡೆ ಕ್ಲಿಪ್ಪಿನ ಲಾಕ್ ಇದ್ದರೆ ಅದರ ಮುಚ್ಚಿದ ತುದಿ ಚೈನು ಸಾಗುವ ದಿಕ್ಕಿಗಿರಲಿ. ತೆರೆದ ತುದಿ ಮುಂದಿದ್ದರೆ ಯಾವುದಾದರೂ ಕಲ್ಲೋ ಕಡ್ಡಿಯೋ ತಗುಲಿ ಕ್ಲಿಪ್ಪು ಹಾರಿಹೋಗಬಹುದು.

ಹೊಸ ಚೈನು ಹಾಕಿಸಿ ಆರು ವಾರವಾಯಿತು. ಮೊನ್ನೆ ಭಾನುವಾರ ಅಳತೆ ಪಟ್ಟಿ ಇಟ್ಟೆ. 254ರ ಗೆರೆಯನ್ನು ದಾಟಿ ಆಗಲೇ ಅರ್ಧ ಮಿಲಿಮೀಟರಿನಷ್ಟು ಸಾಗಿತ್ತು.