ಪಕ್ಕದಲ್ಲೇ ಹೊಸ ಚರ್ಚ್ ಕಟ್ಟಿದರು, ಹಳೆಯದು ಬದುಕಿತು

ನಾರ್ವೆಯ ಲೇರ್ಡಾಲ್ ಕಣಿವೆಯ ಬೋರ್ಗುಂಡ್‌ನಲ್ಲಿ ಅಕ್ಕಪಕ್ಕ ಎರಡು ಚರ್ಚುಗಳಿವೆ. ಊರಿನವರ ಪ್ರಾರ್ಥನೆ ನಡೆಯುವುದು ಹೊಸದರಲ್ಲಿ. ಹೊಸದು ಅಂದರೆ 1868ರದು. ಪ್ರವಾಸಿಗರು ಬರುವುದು ಮಾತ್ರ ಪಕ್ಕದ ಹಳೆಯದನ್ನು ನೋಡಲು. ಅದರ ಮರಗಳನ್ನು ಕಡಿದದ್ದು 1180–81ರ ಚಳಿಗಾಲದಲ್ಲಿ ಎಂದು ಮರದ ಉಂಗುರಗಳನ್ನು ಎಣಿಸಿ ಕಂಡುಹಿಡಿದಿದ್ದಾರೆ.

ಎಂಟು ಶತಮಾನ ಮಳೆ, ಹಿಮದಲ್ಲಿ ನಿಂತ ಮರದ ಕಟ್ಟಡ ಇದು. ಗುಟ್ಟು ಇರುವುದು ಬುಡದಲ್ಲಿ. ಇದಕ್ಕಿಂತ ಹಿಂದಿನವರು ಚರ್ಚಿನ ಕಂಬಗಳನ್ನು ನೇರವಾಗಿ ಮಣ್ಣಲ್ಲಿ ಹೂಳುತ್ತಿದ್ದರು. ತೇವ ಹತ್ತಿ ಬುಡ ಕೊಳೆಯುತ್ತಿತ್ತು, ಮತ್ತೆ ಕಟ್ಟಬೇಕಾಗುತ್ತಿತ್ತು. ಆಮೇಲೆ ಬಡಗಿಗಳು ಜಾಣರಾದರು. ಕಲ್ಲಿಟ್ಟು, ಅದರ ಮೇಲೆ ದಪ್ಪ ತೊಲೆಗಳ ಚೌಕಟ್ಟು ಹಾಸಿ, ಕಂಬಗಳನ್ನು ಅದರ ಮೇಲೆ ನಿಲ್ಲಿಸಿದರು. ನೆಲದ ತೇವ ಕಂಬಕ್ಕೆ ತಾಕುವ ಮಾತೇ ಇಲ್ಲ. ಈ ಕಂಬಕ್ಕೆ ಅಲ್ಲಿನ ಭಾಷೆಯಲ್ಲಿ ‘ಸ್ಟಾವ್’ ಎನ್ನುತ್ತಾರೆ. ಅದರಿಂದಲೇ ‘ಸ್ಟಾವ್ ಚರ್ಚ್’ ಎಂಬ ಹೆಸರು.

ಹೊರಗಿನಿಂದ ನೋಡಿದರೆ ಒಂದರ ಮೇಲೊಂದು ಏರುವ ಚೂಪು ಮಾಡುಗಳು, ಅವಕ್ಕೆ ಹೆಂಚಿನ ಬದಲು ಮರದ ಚಕ್ಕೆಗಳು. ಬಣ್ಣ ಕಪ್ಪು. ಅದು ಪೈನ್ ಮರದಿಂದ ಇಳಿಸಿದ ಟಾರಿನ ಬಣ್ಣ (ರಸ್ತೆಗೆ ಹಾಕುವ ಟಾರಲ್ಲ). ಇದನ್ನು ಆಗಾಗ ಬಳಿಯುತ್ತಲೇ ಇರಬೇಕು. ಒಳಗೆ ಹೋದರೆ ಕತ್ತಲು. ಎತ್ತರದಲ್ಲಿರುವ ಸಣ್ಣ ದುಂಡು ಕಿಂಡಿಗಳಿಂದ ಬಂದಷ್ಟೇ ಬೆಳಕು. ಕಂಬಗಳ ನಡುವೆ ಗುಣಾಕಾರ ಚಿಹ್ನೆಯಂತೆ ಅಡ್ಡಮರಗಳನ್ನು ಜೋಡಿಸಿದ್ದಾರೆ. ಗಾಳಿಗೆ ಕಟ್ಟಡ ವಾಲದಂತೆ ಹಿಡಿಯುವುದು ಇವೇ. ಈ ಆಕಾರಕ್ಕೆ ಸಂತ ಆಂಡ್ರೂನ ಶಿಲುಬೆ ಎಂದು ಹೆಸರು. ಚರ್ಚ್ ಕೂಡ ಅದೇ ಆಂಡ್ರೂನದು.

ನನಗೆ ಜಾಸ್ತಿ ಇಷ್ಟವಾಗುವುದು ಇಲ್ಲಿನ ಹಳತು–ಹೊಸತರ ಕಲಬೆರಕೆ. ಮಾಡಿನ ತುದಿಯಲ್ಲಿ ಶಿಲುಬೆಯೂ ಇದೆ, ಬಾಯಿ ತೆರೆದ ಡ್ರ್ಯಾಗನ್ ತಲೆಯೂ ಇದೆ. ಓಲಾಫ್ ಸಂತನ ಹಬ್ಬದ ಹಿಂದಿನ ದಿನ ಈ ದಾರಿಯಲ್ಲಿ ಹೋದ ಥೋರಿರ್ ಎಂಬ ದಾರಿಹೋಕ, ರೂನ್ ಎಂಬ ಅಲ್ಲಿನ ಹಳೇ ಲಿಪಿಯಲ್ಲಿ ಇಲ್ಲಿ ಏನನ್ನೋ ಕೊರೆದು ಹೋಗಿದ್ದಾನೆ. ಬರೆದದ್ದೇನು? ಒಳ್ಳೆಯದನ್ನೂ ಕೆಟ್ಟದ್ದನ್ನೂ ‘ನೋರ್ನ್’ಗಳೇ ಮಾಡಿದರು, ನನ್ನ ಪಾಲಿಗೆ ಕಷ್ಟ ಕೊಟ್ಟರು ಎಂದು. ನೋರ್ನ್ ಅಂದರೆ ಕ್ರೈಸ್ತರಾಗುವ ಮೊದಲಿನ ಕಾಲದ ವಿಧಿದೇವತೆಯರು. ಸಂತನ ಹಬ್ಬದ ಹೊತ್ತಿಗೆ, ಚರ್ಚಿನ ಗೋಡೆ ಮೇಲೆ, ಹಳೇ ದೇವತೆಯರ ಮೇಲೆ ದೂರು!

ಇಂಥ ಚರ್ಚುಗಳು ಒಂದು ಕಾಲಕ್ಕೆ ನಾರ್ವೆಯಲ್ಲಿ ಸಾವಿರಕ್ಕೂ ಹೆಚ್ಚು ಇದ್ದವೆಂದು ಅಂದಾಜು. ಈಗ ಉಳಿದಿರುವುದು 28. ಬೆಂಕಿ, ಕೊಳೆತ ಎಂದು ಸುಮ್ನೆ ಊಹಿಸಿಬಿಡುತ್ತೇವೆ ಅಲ್ವಾ? ಅದೂ ಇತ್ತು. 1349ರ ಪ್ಲೇಗಿನಲ್ಲಿ ಊರಿಗೆ ಊರೇ ಖಾಲಿಯಾಗಿ ಎಷ್ಟೋ ಚರ್ಚುಗಳು ಪಾಳುಬಿದ್ದವು. ಆದರೆ ಅಲ್ಲಿಯವರೆಗೂ ಉಳಿದುಕೊಂಡಿದ್ದವಕ್ಕೆ ಕೊನೆಯ ಏಟು ಕೊಟ್ಟದ್ದು ಒಂದು ಕಾಯ್ದೆ. ಊರಿನ ಜನರಲ್ಲಿ ಹತ್ತರಲ್ಲಿ ಮೂರು ಪಾಲಾದರೂ ಚರ್ಚಿನೊಳಗೆ ಹಿಡಿಸಬೇಕು ಎಂದು 1851ರಲ್ಲಿ ನಿಯಮ ಬಂತು. ಮಧ್ಯಯುಗದ ಪುಟ್ಟ ಚರ್ಚುಗಳಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಊರೂರಲ್ಲಿ ಹಳೆಯದನ್ನು ಕೆಡವಿ ದೊಡ್ಡದು ಕಟ್ಟಿದರು.

ಕೆಲವು ಚರ್ಚುಗಳು ಊರು ಬಿಟ್ಟು ಹೋದವು. ಕಾಯ್ದೆಗೂ ಮುಂಚೆಯೇ, 1841ರಲ್ಲಿ, ವಾಂಗ್ ಊರಿನ ಚರ್ಚನ್ನು ಚಿತ್ರಕಾರ ಯೋಹಾನ್ ಕ್ರಿಶ್ಚಿಯನ್ ಡಾಲ್ ಉಳಿಸಲೆಂದೇ ಕೊಂಡುಕೊಂಡ. ಬಿಚ್ಚಿದ ಮರಗಳು ಪ್ರಷ್ಯಾದ (ಈಗಿನ ಜರ್ಮನಿ, ಪೋಲೆಂಡ್ ಭಾಗದಲ್ಲಿದ್ದ ಆಗಿನ ರಾಜ್ಯ) ರಾಜನ ಕೈ ಸೇರಿದವು. ಆ ಚರ್ಚ್ ಈಗ ಪೋಲೆಂಡಿನ ಕಾರ್ಪಾಚ್‌ನಲ್ಲಿದೆ. ಫೋರ್ಟುನ್ ಊರಿನದನ್ನು 1883ರಲ್ಲಿ ಬರ್ಗೆನ್ ಹತ್ತಿರದ ಫಾಂಟಾಫ್ಟ್‌ಗೆ ಸಾಗಿಸಿದರು.

ಬೋರ್ಗುಂಡ್‌ನವರು ಹಳೆಯದನ್ನು ಕೆಡವದೆ, ಪಕ್ಕದಲ್ಲೇ ಹೊಸದು ಕಟ್ಟಿಕೊಂಡರು. 1877ರಲ್ಲಿ ನಾರ್ವೆಯ ಪ್ರಾಚೀನ ಸ್ಮಾರಕ ರಕ್ಷಣಾ ಸಂಘ ಹಳೆಯದನ್ನು ಕೊಂಡು ಮ್ಯೂಸಿಯಂ ಮಾಡಿತು. ಅಷ್ಟೊಂದು ಹಾಳಾಗದೆ ಉಳಿದ ಕಾರಣ ಅದೇ ಮಾದರಿಯೂ ಆಯಿತು. ಫಾಂಟಾಫ್ಟ್ ಚರ್ಚನ್ನು ಮತ್ತೆ ಜೋಡಿಸುವಾಗ ಅದರ ಹೊರರೂಪಕ್ಕೆ ಬೋರ್ಗುಂಡನ್ನೇ ನೋಡಿಕೊಂಡರು. ಆ ಫಾಂಟಾಫ್ಟ್‌ಗೆ 1992ರ ಜೂನ್ 6ರಂದು ಯಾರೋ ಬೇಕೆಂದೇ ಬೆಂಕಿ ಇಟ್ಟರು. ಈಗ ಅಲ್ಲಿರುವುದು 1997ರಲ್ಲಿ ಕಟ್ಟಿ ಮುಗಿಸಿದ ಪ್ರತಿ.